ಹಾಸು ಬದಲಿಸುವ ಮುನ್ನ ಹಲಗೆ ನೋಡಿ

ಕಮೋಡಿನ ಪಕ್ಕದಲ್ಲಿ ಕಾಲಿಟ್ಟರೆ ನೆಲ ಒಂದಿಷ್ಟು ತಗ್ಗುತ್ತದೆ. ಕಾಲು ತೆಗೆದರೆ ಮೇಲಕ್ಕೆ ಬರುತ್ತದೆ. ಹಾಸಿದ ವಿನೈಲ್ ಮೇಲೆ ಅಲ್ಲೊಂದು ಇಲ್ಲೊಂದು ಕಪ್ಪು ಕಲೆ, ಒರೆಸಿದರೂ ಹೋಗುವುದಿಲ್ಲ. ಬಾಗಿಲು ಮುಚ್ಚಿದ್ದರೆ ಒಳಗೆ ಮುಗ್ಗಲು ವಾಸನೆ. ಅಮೆರಿಕದ ಹಳೆಯ ಮೊಬೈಲ್ ಹೋಮ್‌ಗಳಲ್ಲಿ ವಾಸಿಸುವ ಅನೇಕರಿಗೆ ಇದು ಗೊತ್ತಿರುವ ಚಿತ್ರ. ಕೈಯಲ್ಲಿ ಹೆಚ್ಚು ದುಡ್ಡಿಲ್ಲದವರು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ: ಅಂಗಡಿಯಿಂದ ಹೊಸ ವಿನೈಲ್ ತಂದು ಹಳೆಯದರ ಮೇಲೆ ಅಂಟಿಸಿಬಿಡುವುದು. ಅಂದಿಗೆ ನೆಲ ಹೊಸದಾಗಿ ಕಾಣುತ್ತದೆ. ಮೆತ್ತನೆಯ ಜಾಗ ಮಾತ್ರ ಒಳಗೊಳಗೇ ಬೆಳೆಯುತ್ತಿರುತ್ತದೆ.

ಕಡಿಮೆ ಖರ್ಚಿನಲ್ಲಿ ಇಂಥ ನೆಲವನ್ನು ಸರಿಪಡಿಸುವುದು ಸಾಧ್ಯ. ಆದರೆ ಆ ಖರ್ಚು ಯಾವ ಪದರಕ್ಕೆ ಹೋಗಬೇಕು ಎಂಬುದನ್ನು ಮೊದಲು ತಿಳಿಯಬೇಕು. ಕಣ್ಣಿಗೆ ಕಾಣುವ ಹಾಸಿನ ಮೇಲೆ ಸುರಿದ ಹಣ ಬೇಗ ಹಾಳಾಗುತ್ತದೆ, ಕಾಣದ ಹಲಗೆಗೆ ಹಾಕಿದ ಹಣ ಉಳಿಯುತ್ತದೆ. ಯಾಕೆ ಹೀಗೆ ಎಂಬುದನ್ನು ಅರ್ಥಮಾಡಿಕೊಳ್ಳಲು ಆ ಮನೆಯ ಕಟ್ಟುವಿಕೆಯನ್ನೇ ನೋಡಬೇಕು.

ಗಾಲಿಯ ಮೇಲೆ ಬಂದ ಮನೆ

ಮೊಬೈಲ್ ಹೋಮ್ ಎಂದರೆ ಕಾರ್ಖಾನೆಯಲ್ಲಿ ಪೂರ್ತಿಯಾಗಿ ಕಟ್ಟಿ, ಉಕ್ಕಿನ ಚೌಕಟ್ಟಿನ ಕೆಳಗೆ ಗಾಲಿ ಜೋಡಿಸಿ, ರಸ್ತೆಯ ಮೇಲೆ ಎಳೆದು ತಂದು ನಿಲ್ಲಿಸುವ ಮನೆ. ಹೆಸರಿಗೆ ಚಲಿಸುವ ಮನೆಯಾದರೂ ಒಮ್ಮೆ ನಿಂತ ಮೇಲೆ ಅದು ಚಲಿಸುವುದು ಅಪರೂಪ. ಇಂಥ ಮನೆಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ಇರಬೇಕೆಂದು ಅಮೆರಿಕದ ಸಂಸತ್ತು 1974ರಲ್ಲಿ ಕಾಯ್ದೆ ಮಾಡಿತು. ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ ರೂಪಿಸಿದ ನಿಯಮಾವಳಿ 1976ರ ಜೂನ್ 15ರಂದು ಜಾರಿಗೆ ಬಂತು. ಅಲ್ಲಿಂದೀಚೆಗೆ ಕಟ್ಟಿದವುಗಳಿಗೆ ಕಡತದಲ್ಲಿ ‘ಮ್ಯಾನುಫ್ಯಾಕ್ಚರ್ಡ್ ಹೋಮ್’ ಎಂಬ ಹೆಸರು, ಹೊರಗೋಡೆಯ ಮೇಲೆ ಒಂದು ಕೆಂಪು ಲೋಹದ ಪಟ್ಟಿ. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ.

ಸುಮಾರು ಎರಡು ಕೋಟಿ ಅಮೆರಿಕನ್ನರು ಇಂಥ ಮನೆಗಳಲ್ಲಿ ಬದುಕುತ್ತಿದ್ದಾರೆ. ಅವರಲ್ಲಿ ನಿವೃತ್ತರು, ದಿನಗೂಲಿಯವರು, ಹಳ್ಳಿಗಾಡಿನ ಕುಟುಂಬಗಳು ಬಹಳ. ಎಷ್ಟೋ ಕಡೆ ಮನೆ ಅವರದು, ಅದು ನಿಂತ ನೆಲ ಮತ್ತೊಬ್ಬರದು. ಹಾಗಾಗಿ ತಿಂಗಳು ತಿಂಗಳು ಜಾಗದ ಬಾಡಿಗೆ ಕಟ್ಟಬೇಕು. ಬಹಳಷ್ಟು ರಾಜ್ಯಗಳಲ್ಲಿ ಕಾನೂನು ಇವನ್ನು ಸ್ಥಿರಾಸ್ತಿಯೆಂದು ನೋಡದೆ ವಾಹನದಂತೆ ಚರಾಸ್ತಿಯೆಂದು ನೋಡುತ್ತದೆ. ಆದ್ದರಿಂದ ಸಾಲ ಸಿಗುವುದು ಕಷ್ಟ, ಸಿಕ್ಕರೂ ಬಡ್ಡಿ ಹೆಚ್ಚು. ನಾಲ್ಕು ಅಡಿ ನೆಲ ಕೊಳೆಯಿತೆಂದರೆ ಅದು ಅಂದಚೆಂದದ ಪ್ರಶ್ನೆಯಾಗಿ ನಿಲ್ಲುವುದಿಲ್ಲ, ಆ ಕುಟುಂಬಕ್ಕಿರುವ ಒಂದೇ ಆಸ್ತಿ ಕರಗುತ್ತಿದೆ ಎಂದರ್ಥ.

ನೆಲದೊಳಗಿನ ಪದರಗಳು

ನಮ್ಮ ಬಚ್ಚಲಿನ ಲೆಕ್ಕ ಬೇರೆ. ಕಲ್ಲೋ ಸಿಮೆಂಟೋ ಟೈಲ್ಸೋ, ನೆಲಕ್ಕೆ ಒಂದಿಷ್ಟು ಇಳಿಜಾರು, ಮೂಲೆಯಲ್ಲೊಂದು ತೂಬು. ಎಷ್ಟು ನೀರು ಸುರಿದರೂ ಹರಿದುಹೋಗುತ್ತದೆ. ಮಕ್ಕಳನ್ನು ನೋಡಲೆಂದು ಅಮೆರಿಕಕ್ಕೆ ಹೋಗಿಬಂದ ನಮ್ಮ ಹಿರಿಯರಿಗೆ ಅಲ್ಲಿ ಮೊದಲ ದಿನವೇ ಸಿಗುವ ಎಚ್ಚರಿಕೆ ಎಂದರೆ ‘ಬಾತ್‌ರೂಮಿನ ನೆಲಕ್ಕೆ ನೀರು ಚೆಲ್ಲಬೇಡಿ’ ಎಂಬುದು. ಅಲ್ಲಿ ಸಾಮಾನ್ಯವಾಗಿ ನೆಲಕ್ಕೆ ತೂಬಿರುವುದಿಲ್ಲ. ಸ್ನಾನ ಏನಿದ್ದರೂ ಟಬ್ಬಿನೊಳಗೆ, ಪರದೆಯ ಹಿಂದೆ. ನೆಲ ಒಣಗಿಯೇ ಇರಬೇಕು, ಏಕೆಂದರೆ ಅದು ಮರದ್ದು.

ಮೊಬೈಲ್ ಹೋಮಿನ ನೆಲವನ್ನು ಕೆಳಗಿನಿಂದ ಮೇಲಕ್ಕೆ ಹೀಗೆ ಓದಬಹುದು. ಎಲ್ಲಕ್ಕಿಂತ ಕೆಳಗೆ ಉಕ್ಕಿನ ಚೌಕಟ್ಟು. ಅದರ ಮೇಲೆ ಮನೆಯ ಅಡಿಯನ್ನೆಲ್ಲ ಮುಚ್ಚುವ ಒಂದು ಹೊದಿಕೆ, ಇಲಿ ಹೆಗ್ಗಣ ಮತ್ತು ಚಳಿಗಾಳಿ ಒಳಗೆ ಬಾರದಂತೆ. ಅಲ್ಲಿನವರು ಈ ಭಾಗವನ್ನು ಮನೆಯ ‘ಹೊಟ್ಟೆ’ ಎಂದೇ ಕರೆಯುತ್ತಾರೆ. ಹೊಟ್ಟೆಯೊಳಗೆ ಗಾಜಿನ ನಾರಿನ ಉಣ್ಣೆ, ನೀರಿನ ಕೊಳವೆ, ಬಿಸಿಗಾಳಿಯ ನಾಳ, ಕೆಲವೆಡೆ ವಿದ್ಯುತ್ ತಂತಿ. ಅದರ ಜೊತೆಗೇ ಸಾಲಾಗಿ ಮರದ ಜಂತೆಗಳು. ಜಂತೆಗಳ ಮೇಲೆ ಹಲಗೆ. ಹಲಗೆಯ ಮೇಲೆ ವಿನೈಲ್ ಹಾಸು.

ಕಷ್ಟವೆಲ್ಲ ಆ ಹಲಗೆಯಲ್ಲಿದೆ. ಹಳೆಯ ಮೊಬೈಲ್ ಹೋಮ್‌ಗಳಲ್ಲಿ ಹೆಚ್ಚಾಗಿ ಬಳಸಿದ್ದು ಪಾರ್ಟಿಕಲ್ ಬೋರ್ಡ್: ಮರದ ಹೊಟ್ಟು ಚಕ್ಕೆಗಳಿಗೆ ಅಂಟು ಕಲಸಿ ಒತ್ತಿ ಮಾಡಿದ ಹಲಗೆ. ಒಣಗಿದ್ದರೆ ಗಟ್ಟಿ, ಸಪಾಟು, ಬೆಲೆಯೂ ಕಡಿಮೆ. ನೀರು ತಾಗಿದರೆ ಊದಿಕೊಳ್ಳುತ್ತದೆ. ಒಣಗಿದ ಮೇಲೂ ಮೊದಲಿನ ಆಕಾರಕ್ಕೆ ಮರಳುವುದಿಲ್ಲ, ಹಿಟ್ಟಿನಂತೆ ಉದುರುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಸಿಂಕಿನ ಕೆಳಗಿನ ಅಗ್ಗದ ಕಬಾಟಿನ ತಳ ಊದಿ ಬಿರಿದಿರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ಹಲಗೆಯ ಮೇಲೆ ಒಬ್ಬ ಮನುಷ್ಯನ ತೂಕ ದಿನವೂ ಬೀಳುತ್ತದೆ ಎಂದು ಊಹಿಸಿಕೊಂಡರೆ ಸಾಕು.

ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಹಲಗೆಯ ಮೇಲೆ ವಿನೈಲ್ ಇದೆ, ಅದು ನೀರಿನ ಆವಿಯನ್ನು ಮೇಲಕ್ಕೆ ಬಿಡುವುದಿಲ್ಲ. ಕೆಳಗೆ ಹೊಟ್ಟೆಯ ಹೊದಿಕೆ ಇದೆ, ಅದು ಕೆಳಕ್ಕೂ ಸುಲಭವಾಗಿ ಬಿಡುವುದಿಲ್ಲ. ಒಮ್ಮೆ ನೆನೆದ ಮರ ಎರಡರ ನಡುವೆ ಮುಚ್ಚಿಟ್ಟ ಪಾತ್ರೆಯಲ್ಲಿದ್ದಂತೆ ಬೇಯುತ್ತಿರುತ್ತದೆ, ಬೂಷ್ಟು ಹಿಡಿಯುತ್ತದೆ, ಲಡ್ಡಾಗುತ್ತದೆ. ಹಳೆಯದರ ಮೇಲೆ ಮತ್ತೊಂದು ವಿನೈಲ್ ಅಂಟಿಸಿದರೆ ಆ ಪಾತ್ರೆಗೆ ಇನ್ನೊಂದು ಮುಚ್ಚಳ ಹಾಕಿದಂತೆ.

ಮೊದಲು ನೀರನ್ನು ಹುಡುಕಬೇಕು

ನೆಲ ಕೀಳುವ ಮುನ್ನ ನೀರು ಎಲ್ಲಿಂದ ಬಂತು ಎಂದು ಗೊತ್ತಾಗಬೇಕು. ಅದು ಗೊತ್ತಾಗದೆ ಹಾಕಿದ ಹೊಸ ನೆಲಕ್ಕೂ ಹಳೆಯದರ ಗತಿಯೇ.

ಮೊದಲ ಅನುಮಾನ ಕಮೋಡಿನ ಮೇಲೆ. ನಮ್ಮಲ್ಲಿ ಕಮೋಡನ್ನು ಬಿಳಿ ಸಿಮೆಂಟ್ ಹಾಕಿ ಕೂರಿಸುವುದು ರೂಢಿ. ಅಲ್ಲಿ ಕಮೋಡಿನ ಬಾಯಿಗೂ ನೆಲದ ಕೊಳವೆಗೂ ನಡುವೆ ಮೇಣದ ಒಂದು ಉಂಗುರವನ್ನು ಒತ್ತಿ ಕೂರಿಸಿ, ಎರಡು ಬೋಲ್ಟು ಬಿಗಿಯುತ್ತಾರೆ. ಮೇಣ ರಬ್ಬರಿನ ಹಾಗಲ್ಲ, ಒಮ್ಮೆ ಜರುಗಿದರೆ ಮತ್ತೆ ಹಿಗ್ಗಿ ಬಿರುಕು ತುಂಬುವುದಿಲ್ಲ. ಕಮೋಡು ಸ್ವಲ್ಪ ಅಲುಗಾಡಿದರೂ ಸಂದು ಬಿಡುತ್ತದೆ, ಪ್ರತಿ ಫ್ಲಶ್ಶಿಗೂ ಒಂದಿಷ್ಟು ನೀರು ಹಲಗೆಗೆ ಇಳಿಯುತ್ತದೆ. ಹಲಗೆ ಮೆತ್ತಗಾದಂತೆ ಕಮೋಡು ಇನ್ನೂ ಅಲುಗಾಡುತ್ತದೆ, ಸಂದು ಇನ್ನೂ ದೊಡ್ಡದಾಗುತ್ತದೆ. ಎರಡು ಕೈಯಲ್ಲಿ ಕಮೋಡು ಹಿಡಿದು ಮೆಲ್ಲಗೆ ಅಲುಗಿಸಿ ನೋಡಿ. ಅಲುಗಿದರೆ ಅಲ್ಲಿಂದಲೇ ಶುರುಮಾಡಬೇಕು.

ಎರಡನೆಯದು ಟಬ್ಬಿನ ಅಂಚು. ಅಲ್ಲಿನ ಸಿಲಿಕೋನ್ ಒಣಗಿ ಬಿರುಕು ಬಿಟ್ಟಿದ್ದರೆ, ಪರದೆಯಿಂದ ಹೊರಗೆ ಚಿಮ್ಮಿದ ನೀರೆಲ್ಲ ಆ ಸಂದಿನಲ್ಲೇ ಇಳಿಯುತ್ತದೆ. ಮೂರನೆಯದು ವಾಷ್‌ಬೇಸಿನ್ ಕೆಳಗಿನ ಕೊಳವೆಯ ಜೋಡಣೆ. ಅದರ ಸುತ್ತ ಒಣ ಟಿಶ್ಯೂ ಕಾಗದ ಸುತ್ತಿಟ್ಟು ಮಾರನೆಯ ದಿನ ಮುಟ್ಟಿನೋಡಿದರೆ ಗೊತ್ತಾಗುತ್ತದೆ. ನಾಲ್ಕನೆಯದು ಹೊಟ್ಟೆಯೊಳಗಿನ ಕೊಳವೆ. ಮನೆಯ ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರ್ ಓದಿಟ್ಟುಕೊಳ್ಳಿ. ಒಂದೆರಡು ಗಂಟೆ ಯಾರೂ ನೀರು ಬಳಸದೆ ಇದ್ದು ಮತ್ತೆ ಓದಿ. ಮುಳ್ಳು ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ. ಮನೆಯ ಸುತ್ತಲ ತಡಿಕೆ ತೆಗೆದು ಟಾರ್ಚ್ ಹಿಡಿದು ಅಡಿಗೆ ನೋಡಿದರೆ ಹೊಟ್ಟೆಯ ಹೊದಿಕೆ ಒಂದು ಕಡೆ ತುಂಬಿದ ಚೀಲದಂತೆ ಜೋತುಬಿದ್ದಿರಬಹುದು. ಅದು ನೀರು. ಹಾಗಿದ್ದಾಗ ಮನೆಯ ವಿದ್ಯುತ್ ಆರಿಸದೆ ಅಡಿಗೆ ನುಗ್ಗಬಾರದು.

ಸೋರಿಕೆ ಎಲ್ಲೂ ಕಾಣದಿದ್ದರೆ ಗಾಳಿಯನ್ನು ನೋಡಬೇಕು. ಬಿಸಿನೀರಿನ ಹಬೆ ಹೊರಹೋಗಲು ಫ್ಯಾನ್ ಇಲ್ಲದ, ಇದ್ದರೂ ಅದರ ಗಾಳಿ ಚಾವಣಿಯೊಳಗೇ ಬಿಡುವ ಬಾತ್‌ರೂಮಿನಲ್ಲಿ ಹಬೆಯೇ ನೀರಾಗಿ ಗೋಡೆಯ ಬುಡಕ್ಕೆ ಇಳಿಯುತ್ತದೆ.

ಎಲ್ಲಿಯವರೆಗೆ ಕತ್ತರಿಸಬೇಕು

ಒಂದು ಸ್ಕ್ರೂಡ್ರೈವರ್ ಸಾಕು. ಅನುಮಾನ ಬಂದ ಜಾಗದಿಂದ ಶುರುಮಾಡಿ ಹೊರಕ್ಕೆ ಹೋಗುತ್ತ ಹಲಗೆಗೆ ಚುಚ್ಚಿ ನೋಡಬೇಕು. ಸುಲಭವಾಗಿ ಇಳಿದರೆ ಅಲ್ಲಿ ಹಲಗೆ ಸತ್ತಿದೆ. ತಡೆದು ನಿಂತರೆ ಅಲ್ಲಿಂದ ಗಟ್ಟಿ. ಕೊಳೆತದ್ದು ಮುಗಿದಲ್ಲಿಗೇ ನಿಲ್ಲಿಸದೆ, ಅದರಾಚೆಗಿನ ಗಟ್ಟಿ ಹಲಗೆಯಲ್ಲಿ ಒಂದು ಜಂತೆಯ ನಡುಮಧ್ಯಕ್ಕೆ ಬರುವ ತನಕ ಕತ್ತರಿಸಬೇಕು. ಹಳೆಯ ಹಲಗೆಯ ಅಂಚಿಗೂ ಹೊಸದರ ಅಂಚಿಗೂ ಆಧಾರ ಸಿಗುವುದು ಆಗಲೇ.

ಅದಕ್ಕೂ ಮೊದಲು ಒಂದು ಎಚ್ಚರಿಕೆ. 1980ರ ದಶಕದ ಆರಂಭದವರೆಗಿನ ಎಷ್ಟೋ ವಿನೈಲ್ ಹಾಸುಗಳ ಬೆನ್ನಿನಲ್ಲೂ ಅಂಟಿನಲ್ಲೂ ಕಲ್ನಾರು ಇರುತ್ತಿತ್ತು. ಕಲ್ನಾರಿನ ದೂಳು ಶ್ವಾಸಕೋಶಕ್ಕೆ ಹೋದರೆ ಅದರ ಕೇಡು ದಶಕಗಳ ನಂತರ ಕಾಣಿಸಿಕೊಳ್ಳುತ್ತದೆ. ಅಷ್ಟು ಹಳೆಯ ಮನೆಯಾಗಿದ್ದರೆ ಹಾಸನ್ನು ಉಜ್ಜಬಾರದು, ಕೆರೆಯಬಾರದು, ಗರಗಸ ಹಾಕಬಾರದು. ಒಂದು ತುಣುಕನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷಿಸಿದ ಮೇಲೆಯೇ ಮುಂದಿನ ಮಾತು. ಬಡತನದ ಲೆಕ್ಕದಲ್ಲೂ ಬಿಡಬಾರದ ಖರ್ಚು ಇದು.

ಕೆಲಸದ ದಿನ ಮೊದಲು ನೀರು ಮತ್ತು ವಿದ್ಯುತ್ ನಿಲ್ಲಿಸಬೇಕು. ಕಮೋಡಿನ ನೀರು ಖಾಲಿಮಾಡಿ, ಬೋಲ್ಟು ಬಿಚ್ಚಿ ಎತ್ತಿ ಹೊರಗಿಡಬೇಕು. ತೆರೆದ ಕೊಳವೆಯ ಬಾಯಿಗೆ ಹಳೆಯ ಬಟ್ಟೆ ತುರುಕಬೇಕು, ಇಲ್ಲವಾದರೆ ಚರಂಡಿಯ ಅನಿಲ ಮನೆಯೊಳಗೆ ಬರುತ್ತದೆ. ಗರಗಸದ ಅಲಗನ್ನು ಹಲಗೆಯ ದಪ್ಪಕ್ಕೆ ಸರಿಯಾಗಿ ಇಳಿಸಿಟ್ಟುಕೊಳ್ಳಬೇಕು, 5/8 ಇಂಚಿನ ಹಲಗೆಯಾದರೆ ಅಷ್ಟೇ ಆಳ. ಕೆಳಗೇ ಕೊಳವೆ, ತಂತಿ, ಗಾಳಿನಾಳ ಇರುವುದನ್ನು ಮರೆಯಬಾರದು. ಇನ್ನೊಂದು ವಿಚಾರ: ಈ ಮನೆಗಳಲ್ಲಿ ಮೊದಲು ನೆಲ ಹಾಸಿ, ಅದರ ಮೇಲೆ ಗೋಡೆ ನಿಲ್ಲಿಸಿರುತ್ತಾರೆ. ಗೋಡೆಯ ಅಡಿಯ ಹಲಗೆಯನ್ನು ಎಳೆದು ತೆಗೆಯಲು ಹೋಗಬಾರದು. ಗೋಡೆಯ ಅಂಚಿನವರೆಗೆ ಕತ್ತರಿಸಿ, ಅಲ್ಲಿ ಕೆಳಗಿನಿಂದ ಮರದ ತುಂಡಿನ ಆಧಾರ ಕೊಡಬೇಕು.

ಒಣಗಲು ಬಿಡಿ

ಹಲಗೆ ತೆಗೆದ ಮೇಲೆ ಅವಸರ ಬೇಡ. ನೆನೆದ ಗಾಜಿನ ಉಣ್ಣೆ ತೆಗೆದು ಬಿಸಾಡಬೇಕು, ಅದು ಒದ್ದೆಯಾದರೆ ಚಳಿ ತಡೆಯುವುದಿಲ್ಲ. ಕಿಟಕಿ ತೆರೆದು ಫ್ಯಾನ್ ಇಟ್ಟು ಜಂತೆಗಳನ್ನು ಕೆಲವು ದಿನ ಒಣಗಿಸಬೇಕು. ಮನೆಗೆ ಒಂದೇ ಬಾತ್‌ರೂಮ್ ಇದ್ದರೆ ಈ ದಿನಗಳು ಕಷ್ಟದವು. ನೆರೆಯವರನ್ನೋ ನೆಂಟರನ್ನೋ ಮೊದಲೇ ಕೇಳಿ ವ್ಯವಸ್ಥೆ ಮಾಡಿಕೊಳ್ಳುವುದು ಜಾಣತನ. ಈ ಕಾಯುವಿಕೆಯನ್ನು ತಪ್ಪಿಸಿ ಒದ್ದೆ ಜಂತೆಯ ಮೇಲೆ ಹೊಸ ಹಲಗೆ ಹೊಡೆದರೆ ಮಾಡಿದ ಕೆಲಸವೆಲ್ಲ ಮತ್ತೆ ಅದೇ ಮುಚ್ಚಿದ ಪಾತ್ರೆಯೊಳಗೆ ಹೋಗುತ್ತದೆ.

ಜಂತೆಗೂ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮೇಲ್ಮೈ ಮಾತ್ರ ಕಪ್ಪಾಗಿದ್ದರೆ ಉಜ್ಜಿ ಒಣಗಿಸಿದರೆ ಆಯಿತು. ಲಡ್ಡಾಗಿದ್ದರೆ ಅದೇ ಅಳತೆಯ ಹೊಸ ಮರವನ್ನು ಪಕ್ಕಕ್ಕೆ ಜೋಡಿಸಿ, ಎರಡೂ ಕಡೆ ಗಟ್ಟಿ ಭಾಗದ ತನಕ ಚಾಚಿ, ಅಂಟು ಹಾಕಿ ಬೋಲ್ಟಿನಿಂದ ಬಿಗಿಯಬೇಕು. ಮಲೆನಾಡಿನಲ್ಲಿ ಮಳೆಗೆ ಕೆಟ್ಟ ಪಕಾಸಿಗೆ ಹೊಸ ಮರ ಜೋಡಿಸುವ ಬಡಗಿ ಮಾಡುವ ಕೆಲಸವೂ ಇದೇ. ತುಂಬ ಜಂತೆಗಳು ಕೆಟ್ಟಿದ್ದರೆ, ಅಥವಾ ಕೊಳೆತವು ಗೋಡೆಯ ಬುಡಕ್ಕೂ ಹೋಗಿದ್ದರೆ ಬಲ್ಲವರನ್ನು ಕರೆಸಲೇಬೇಕು.

ಒಂದು ಹಾಳೆ ಪ್ಲೈವುಡ್

ಈಗ ಅಳತೆ. 5 ಅಡಿಗೆ 8 ಅಡಿಯ ಬಾತ್‌ರೂಮ್ ಎಂದರೆ 40 ಚದರ ಅಡಿ. 5 ಅಡಿ ಉದ್ದ, ಎರಡೂವರೆ ಅಡಿ ಅಗಲದ ಟಬ್ಬಿಗೆ ಹನ್ನೆರಡೂವರೆ ಚದರ ಅಡಿ ಹೋದರೆ ಉಳಿಯುವುದು ಇಪ್ಪತ್ತೇಳೂವರೆ. ಒಂದು ಹಾಳೆ ಪ್ಲೈವುಡ್ 4 ಅಡಿಗೆ 8 ಅಡಿ, ಅಂದರೆ 32 ಚದರ ಅಡಿ. ಎಚ್ಚರದಿಂದ ಕತ್ತರಿಸಿದರೆ ಟಬ್ಬಿನ ಹೊರಗಿನ ನೆಲಕ್ಕೆಲ್ಲ ಒಂದೇ ಹಾಳೆ ಸಾಕಾಗುವ ಲೆಕ್ಕ ಇದು. ಜಂತೆಗಳ ಸ್ಥಾನ ನೋಡಿಕೊಂಡು ಕೂಡಿಸಬೇಕಾದ್ದರಿಂದ ಕೆಲವೊಮ್ಮೆ ಎರಡನೆಯ ಹಾಳೆಯೂ ಬೇಕಾದೀತು. ಮೊಬೈಲ್ ಹೋಮ್‌ಗಳ ಟಬ್ ಕೆಲವೊಮ್ಮೆ 54 ಇಂಚಿನಷ್ಟು ಚಿಕ್ಕದಿರುವುದೂ ಉಂಟು, ಆದ್ದರಿಂದ ಅಳೆಯದೆ ಏನನ್ನೂ ಕೊಳ್ಳಬಾರದು.

ಪಾರ್ಟಿಕಲ್ ಬೋರ್ಡಿನ ಜಾಗಕ್ಕೆ ಮತ್ತೆ ಪಾರ್ಟಿಕಲ್ ಬೋರ್ಡ್ ತರಬಾರದು. ಹೊರಾಂಗಣದ ಅಂಟು ಬಳಸಿದ ಪ್ಲೈವುಡ್ ತರಬೇಕು. ಅದು ತೆಳು ಮರದ ಹಾಳೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟು ಅಂಟಿಸಿದ್ದು. ಒಮ್ಮೆ ನೆನೆದರೂ ಒಣಗಿ ಚೇತರಿಸಿಕೊಳ್ಳುವ ಶಕ್ತಿ ಅದಕ್ಕಿದೆ. ದಪ್ಪ ಮಾತ್ರ ಹಳೆಯ ಹಲಗೆಯಷ್ಟೇ ಇರಬೇಕು, ಇಲ್ಲದಿದ್ದರೆ ನಡುವೆ ಮೆಟ್ಟಿಲಾಗುತ್ತದೆ. ಜಂತೆಗೆ ಅಂಟು ಎಳೆದು, ಹಾಳೆ ಕೂರಿಸಿ, ಅಂಚಿನಲ್ಲಿ ಆರಾರು ಇಂಚಿಗೊಂದು ಸ್ಕ್ರೂ ಹಾಕಬೇಕು. ಮೊಳೆ ಬೇಡ, ಕಾಲ ಕಳೆದಂತೆ ಸಡಿಲಗೊಂಡು ಕಿರುಗುಟ್ಟುತ್ತದೆ. ಹಾಳೆಗಳ ನಡುವೆ 1/8 ಇಂಚಿನ ಸಂದು ಬಿಟ್ಟರೆ ಮರ ಹಿಗ್ಗಲು ಜಾಗ ಸಿಗುತ್ತದೆ.

ಮುಚ್ಚುವ ಮುನ್ನ ಹೊಟ್ಟೆಗೆ ಹೊಸ ಗಾಜಿನ ಉಣ್ಣೆ ತುಂಬಿ, ಹರಿದ ಹೊದಿಕೆಗೆ ತೇಪೆ ಹಾಕಬೇಕು. ಇದನ್ನು ಬಿಟ್ಟರೆ ಚಳಿಗಾಲದಲ್ಲಿ ಕೊಳವೆಯ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯಬಹುದು, ಹೊಸ ನೆಲ ಕೆಳಗಿನಿಂದಲೇ ನೆನೆಯಬಹುದು.

ಮೇಲೆ ಯಾವ ಹಾಸು?

ಹಲಗೆ ಗಟ್ಟಿಯಾದ ಮೇಲೆ ಹಾಸಿನ ಆಯ್ಕೆ ಸುಲಭ. ಕಡಿಮೆ ಖರ್ಚಿಗೆ ನನ್ನ ಮೊದಲ ಆಯ್ಕೆ ಒಂದೇ ತುಂಡಿನ ವಿನೈಲ್ ಹಾಸು. ಅದು 12 ಅಡಿ ಅಗಲದ ಸುರುಳಿಯಲ್ಲೂ ಬರುತ್ತದೆ, ಚಿಕ್ಕ ಬಾತ್‌ರೂಮಿಗೆ ನಡುವೆ ಜೋಡಣೆಯೇ ಬೇಕಾಗುವುದಿಲ್ಲ. ಜೋಡಣೆ ಇಲ್ಲದಲ್ಲಿ ನೀರು ಇಳಿಯಲು ದಾರಿಯೂ ಕಡಿಮೆ. ದೊಡ್ಡ ಕೋಣೆಗೆ ಕತ್ತರಿಸಿ ಉಳಿದ ತುಂಡುಗಳನ್ನು ಅಂಗಡಿಯವರು ಕಡಿಮೆ ಬೆಲೆಗೆ ಕೊಡುತ್ತಾರೆ. ದರ್ಜಿ ಕಾಗದದಲ್ಲಿ ಅಳತೆ ತೆಗೆದು ಬಟ್ಟೆ ಕತ್ತರಿಸುವಂತೆ, ದಪ್ಪ ಕಾಗದವನ್ನು ನೆಲಕ್ಕೆ ಹಾಸಿ ಕಮೋಡಿನ ತೂತು, ಗೋಡೆಯ ಮೂಲೆ ಎಲ್ಲ ಗುರುತಿಸಿಕೊಂಡು ಆಮೇಲೆ ವಿನೈಲ್ ಕತ್ತರಿಸಿದರೆ ಹಾಳಾಗುವುದಿಲ್ಲ. ಹಾಸುವ ಮುನ್ನ ಸ್ಕ್ರೂ ತಲೆ, ಸಂದುಗಳಿಗೆ ಪುಟ್ಟಿ ತುಂಬಿ ಸಪಾಟು ಮಾಡಬೇಕು, ವಿನೈಲ್ ಕೆಳಗಿನ ಪ್ರತಿ ಉಬ್ಬನ್ನೂ ತೋರಿಸಿಬಿಡುತ್ತದೆ.

ಒಂದಕ್ಕೊಂದು ಕಚ್ಚಿಕೊಳ್ಳುವ ವಿನೈಲ್ ಪಟ್ಟಿಗಳೂ ಒಳ್ಳೆಯವೇ, ಬೆಲೆ ಸ್ವಲ್ಪ ಹೆಚ್ಚು. ಹಾಳೆ ಸುಲಿದು ಅಂಟಿಸುವ ಚೌಕಗಳು ಅಗ್ಗ, ಹಾಕುವುದೂ ಸುಲಭ. ಆದರೆ ಪ್ರತಿ ಚೌಕಕ್ಕೂ ನಾಲ್ಕು ಅಂಚು, ಪ್ರತಿ ಅಂಚೂ ನೀರಿಗೊಂದು ಬಾಗಿಲು. ಮಾಮೂಲಿ ಲ್ಯಾಮಿನೇಟ್ ಬೇಡವೇ ಬೇಡ, ಅದರ ಒಡಲಲ್ಲೂ ಒತ್ತಿದ ಮರದ ಹೊಟ್ಟೇ ಇರುತ್ತದೆ. ಸೆರಾಮಿಕ್ ಟೈಲ್ಸ್ ನಮಗೆ ಪ್ರಿಯ, ಆದರೆ ಜಂತೆಯ ಮೇಲೆ ನಿಂತ, ನಡೆದಾಗ ತುಸು ಬಾಗುವ ಇಂಥ ನೆಲದಲ್ಲಿ ಗಟ್ಟಿಗೊಳಿಸುವ ಸಾಕಷ್ಟು ಕೆಲಸ ಮಾಡದಿದ್ದರೆ ಸಂದು ಬಿರಿಯುತ್ತದೆ.

ಕಮೋಡು ಮತ್ತೆ ಕೂರಿಸುವಾಗ ಹೊಸ ಮೇಣದ ಉಂಗುರ ಕಡ್ಡಾಯ. ಅದರ ಬೆಲೆ ಕೆಲವೇ ಡಾಲರು. ಕೊಳವೆಯ ಬಾಯಿಯ ಬಳೆ ಹೊಸ ಹಾಸಿನ ಮೇಲೆ ಕೂರುವಂತಿರಬೇಕು. ತಗ್ಗಾಗಿದ್ದರೆ ಎತ್ತರಿಸುವ ಬಳೆಗಳು ಸಿಗುತ್ತವೆ. ಟಬ್ಬಿನ ಅಂಚಿಗೆ ಹೊಸ ಸಿಲಿಕೋನ್ ಎಳೆದರೆ ಕೆಲಸ ಮುಗಿಯಿತು.

ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಈ ಕೆಲಸದಲ್ಲಿ ಸಾಮಾನಿಗಿಂತ ಕೂಲಿಯೇ ಹೆಚ್ಚು. ಹಳೆಯ ಹಾಸು ಕೀಳುವುದು, ಒಣಗಿಸುವುದು, ಬಣ್ಣ ಬಳಿಯುವುದನ್ನು ಮನೆಯವರೇ ಮಾಡಿ, ಜಂತೆ ಮತ್ತು ಕೊಳವೆಯ ಕೆಲಸಕ್ಕೆ ಮಾತ್ರ ಕಸುಬುದಾರರನ್ನು ಕರೆದರೆ ಬಿಲ್ಲು ಬಹಳ ಇಳಿಯುತ್ತದೆ. ಗರಗಸದಂಥ ಸಲಕರಣೆಗಳನ್ನು ಪುಸ್ತಕದಂತೆ ಎರವಲು ಕೊಡುವ ಗ್ರಂಥಾಲಯಗಳು ಅಲ್ಲಿನ ಹಲವು ಊರುಗಳಲ್ಲಿವೆ. ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯ ರೀಸ್ಟೋರ್ ಅಂಗಡಿಗಳಲ್ಲಿ ದಾನವಾಗಿ ಬಂದ ವಾಷ್‌ಬೇಸಿನ್, ಬಾಗಿಲು, ಹಾಸುಗಳು ಅಗ್ಗಕ್ಕೆ ಸಿಗುತ್ತವೆ. ಹಾಸಿನಲ್ಲಿ, ಬಣ್ಣದಲ್ಲಿ, ಬೇಸಿನ್ನಿನಲ್ಲಿ ಉಳಿಸಿ. ಪ್ಲೈವುಡ್, ಸ್ಕ್ರೂ, ಮೇಣದ ಉಂಗುರ, ಕಲ್ನಾರಿನ ಪರೀಕ್ಷೆ, ಇವುಗಳಲ್ಲಿ ಉಳಿಸಬೇಡಿ.

ಸರ್ಕಾರದ ನೆರವೂ ಉಂಟು. ಅಮೆರಿಕದ ಕೃಷಿ ಇಲಾಖೆಯ ‘ಸೆಕ್ಷನ್ 504’ ಯೋಜನೆ ಗ್ರಾಮೀಣ ಪ್ರದೇಶದ ಅತಿ ಕಡಿಮೆ ಆದಾಯದ ಮನೆಮಾಲೀಕರಿಗೆ ಶೇ 1ರ ಬಡ್ಡಿಯಲ್ಲಿ ದುರಸ್ತಿ ಸಾಲ ಕೊಡುತ್ತದೆ. 62 ವರ್ಷ ತುಂಬಿದ, ಸಾಲ ತೀರಿಸಲಾಗದವರಿಗೆ ಆರೋಗ್ಯಕ್ಕೂ ಸುರಕ್ಷತೆಗೂ ಕೇಡಾಗುವ ದೋಷ ಸರಿಪಡಿಸಲು ಅನುದಾನವಿದೆ. 1976ರಲ್ಲಿ ಹುಟ್ಟಿದ ವೆದರೈಸೇಶನ್ ನೆರವಿನ ಕಾರ್ಯಕ್ರಮ ಮೊಬೈಲ್ ಹೋಮ್‌ಗಳ ಹೊಟ್ಟೆಗೆ ಉಣ್ಣೆ ತುಂಬಿ ತೇಪೆ ಹಾಕುವ ಕೆಲಸವನ್ನೂ ಮಾಡುತ್ತದೆ. ಆದರೆ ಜಾಗ ಯಾರದು, ಮನೆ ಹೇಗೆ ನಿಂತಿದೆ ಎಂಬ ಷರತ್ತುಗಳು ಬಾಡಿಗೆ ನೆಲದ ಮೇಲೆ ಮನೆ ಇಟ್ಟವರನ್ನು ಕೆಲವೊಮ್ಮೆ ಹೊರಗೇ ನಿಲ್ಲಿಸುತ್ತವೆ. ಯಾರ ನೆಲ ಮೊದಲು ಕೊಳೆಯುತ್ತದೆಯೋ ಅವರಿಗೇ ನೆರವು ಕೊನೆಗೆ ತಲುಪುವುದು ಸರಿಯಲ್ಲ. ಒಂದು ಹಾಳೆ ಪ್ಲೈವುಡ್ಡಿಗೆ ಸಕಾಲದಲ್ಲಿ ಕೊಟ್ಟ ಸಣ್ಣ ಮೊತ್ತ ಒಂದು ಕುಟುಂಬಕ್ಕೆ ಸೂರು ಉಳಿಸಬಲ್ಲದು. ಯೋಜನೆ ಬರೆಯುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಕೆಲಸ ಮುಗಿದ ಮೇಲೂ ಒಂದು ರೂಢಿ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಬರಿಗಾಲಿನಲ್ಲಿ ಕಮೋಡಿನ ಸುತ್ತ, ಟಬ್ಬಿನ ಅಂಚಿನಲ್ಲಿ, ಬೇಸಿನ್ ಮುಂದೆ ನಿಂತು ನೋಡಿ. ಕಮೋಡನ್ನು ಮೆಲ್ಲಗೆ ಅಲುಗಿಸಿ. ಸಿಲಿಕೋನ್ ಮೇಲೆ ಬೆರಳಾಡಿಸಿ. ಐದು ನಿಮಿಷದ ಕೆಲಸ. ಕಾಲಡಿಯ ಹಲಗೆ ಗಟ್ಟಿಯಾಗಿ ತಡೆದು ನಿಂತಿದ್ದರೆ, ಮೇಲಿನ ಹಾಸು ಹಳೆಯದೇ ಇರಲಿ ಅಗ್ಗದ್ದೇ ಇರಲಿ, ಆ ಮನೆಯ ನೆಲ ಚೆನ್ನಾಗಿದೆ.